ಬರುವ ಪುಸ್ತಕ, ಹೋಗುವ ಪುಸ್ತಕ

ಜನರೇ ಸೇರಿ ನಡೆಸುವ ಗ್ರಂಥಾಲಯದ ಬಗ್ಗೆ ಮಾತು ಬಂದರೆ ಎಲ್ಲರೂ ಮೊದಲು ಕೇಳುವುದು ಪುಸ್ತಕ ಎಷ್ಟಿದೆ ಅಂತ. ಎರಡನೇ ಪ್ರಶ್ನೆ, ನಮ್ಮ ಮನೆಯಲ್ಲೂ ಒಂದೆರಡು ಪೆಟ್ಟಿಗೆ ಇದೆ, ಕೊಡಬಹುದಾ? ನಿಜ ಹೇಳಬೇಕೆಂದರೆ ಪುಸ್ತಕ ಕೂಡಿಸುವುದು ಈ ಕೆಲಸದಲ್ಲಿ ಎಲ್ಲಕ್ಕಿಂತ ಸುಲಭ. ಒಂದು ಮಾತು ಹೇಳಿದರೆ ಸಾಕು, ಜನ ತಂದು ಸುರಿಯುತ್ತಾರೆ. ಕಷ್ಟ ಶುರುವಾಗುವುದು ಆಮೇಲೆ. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬೇಡ ಅನ್ನಬೇಕು, ಕಪಾಟಿನಲ್ಲಿ ಆಗಲೇ ಇರುವ ಯಾವುದನ್ನು ಹೊರಗೆ ಕಳಿಸಬೇಕು ಅನ್ನುವುದನ್ನು ಯಾರಾದರೂ ಕೂತು ತೀರ್ಮಾನ ಮಾಡಲೇಬೇಕು. ಮಾಡದಿದ್ದರೆ ಕೆಲವೇ ವರ್ಷಗಳಲ್ಲಿ ಗ್ರಂಥಾಲಯ ಗೋದಾಮು ಆಗಿರುತ್ತದೆ.

ದಾನದ ವಿಷಯವನ್ನೇ ಮೊದಲು ತೆಗೆದುಕೊಳ್ಳೋಣ. ಕೊಡುವವರ ಮನಸ್ಸು ದೊಡ್ಡದು, ಅದರಲ್ಲಿ ಅನುಮಾನ ಇಲ್ಲ. ಆದರೆ ಬರುವ ಪೆಟ್ಟಿಗೆಗಳಲ್ಲಿ ಹಳೆಯ ಪರೀಕ್ಷಾ ಗೈಡುಗಳು, ಬದಲಾಗಿ ಹೋದ ಪಠ್ಯಪುಸ್ತಕಗಳು, ಒಂದೆರಡು ಸಂಪುಟ ಕಾಣೆಯಾದ ವಿಶ್ವಕೋಶ, ಹತ್ತು ವರ್ಷದ ಹಿಂದಿನ ಕಂಪ್ಯೂಟರ್ ಪುಸ್ತಕಗಳೇ ಜಾಸ್ತಿ. ಮನೆಯವರೇ ಓದದ್ದನ್ನು ಬೇರೆಯವರು ಬಂದು ಓದುತ್ತಾರೆ ಅನ್ನುವ ನಂಬಿಕೆ ಅದರ ಹಿಂದೆ ಇರುತ್ತದೆ. ಇದಕ್ಕೆ ಒಂದೇ ದಾರಿ. ಏನು ತೆಗೆದುಕೊಳ್ಳುತ್ತೇವೆ, ಏನು ತೆಗೆದುಕೊಳ್ಳುವುದಿಲ್ಲ ಅಂತ ಒಂದು ಹಾಳೆಯಲ್ಲಿ ಬರೆದು ಬಾಗಿಲ ಹತ್ತಿರ ಅಂಟಿಸಬೇಕು. ಕೊಟ್ಟ ಮೇಲೆ ಆ ಪುಸ್ತಕವನ್ನು ಇಟ್ಟುಕೊಳ್ಳುವುದು, ಬೇರೆಯವರಿಗೆ ಕೊಡುವುದು, ಮಾರುವುದು ಗ್ರಂಥಾಲಯಕ್ಕೆ ಬಿಟ್ಟದ್ದು ಅನ್ನುವ ಸಾಲು ಆ ಹಾಳೆಯಲ್ಲಿ ಇರಲೇಬೇಕು. ಇಲ್ಲದಿದ್ದರೆ ಮುಂದೊಂದು ದಿನ ಯಾರೋ ಬಂದು "ನಮ್ಮ ತಂದೆಯವರ ಪುಸ್ತಕ ಎಲ್ಲಿ ಹೋಯಿತು?" ಅಂತ ಕೇಳಿದಾಗ ಉತ್ತರ ಇರುವುದಿಲ್ಲ. ನೇರವಾಗಿ, ಪ್ರೀತಿಯಿಂದ ಬೇಡ ಅನ್ನುವುದನ್ನು ಕಲಿಯಬೇಕು. ಹಾಗೆ ಹೇಳಿದಾಗ ಬೇಸರ ಮಾಡಿಕೊಳ್ಳುವವರು ನಾವು ಅಂದುಕೊಂಡದ್ದಕ್ಕಿಂತ ಕಡಿಮೆ.

ಇನ್ನು ಕಪಾಟಿನಲ್ಲಿ ಇರುವುದನ್ನು ತೆಗೆಯುವ ಮಾತು. ಪುಸ್ತಕ ಅಂದರೆ ಸರಸ್ವತಿ, ಕಾಲು ತಗುಲಿದರೂ ಕಣ್ಣಿಗೆ ಒತ್ತಿಕೊಳ್ಳುವವರು ನಾವು. ಅದನ್ನು ರದ್ದಿಗೆ ಹಾಕುವುದು ಹೇಗೆ? ಸಂಕಟ ಆಗುತ್ತದೆ, ನನಗೂ ಆಗುತ್ತದೆ. ಆದರೂ ಮಾಡಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ತುರುಕಿ ತುಂಬಿದ ಕಪಾಟಿನಲ್ಲಿ ಒಳ್ಳೆಯ ಪುಸ್ತಕ ಕಾಣುವುದೇ ಇಲ್ಲ. ಓದುವವರು ಒಂದು ಪುಸ್ತಕ ಎಳೆದರೆ ಪಕ್ಕದ ನಾಲ್ಕು ಬೀಳುತ್ತವೆ, ಎರಡನೇ ಸಲ ಅವರು ಆ ಕಡೆ ಕೈ ಹಾಕುವುದಿಲ್ಲ. ಅದಕ್ಕೇ ಪ್ರತಿ ಸಾಲಿನಲ್ಲೂ ನಾಲ್ಕನೇ ಒಂದು ಭಾಗವಾದರೂ ಖಾಲಿ ಇರಲಿ. ಆ ಜಾಗದಲ್ಲಿ ಒಂದು ಪುಸ್ತಕವನ್ನು ಮುಖಪುಟ ಕಾಣುವ ಹಾಗೆ ನಿಲ್ಲಿಸಿ ನೋಡಿ, ಬೇಗ ಎರವಲು ಹೋಗುತ್ತದೆ.

ಯಾವುದನ್ನು ತೆಗೆಯಬೇಕು ಅನ್ನುವುದಕ್ಕೆ ಅಮೆರಿಕದ ಟೆಕ್ಸಾಸ್ ರಾಜ್ಯ ಗ್ರಂಥಾಲಯ 1976ರಲ್ಲಿ ಸಣ್ಣ ಮತ್ತು ಮಧ್ಯಮ ಗ್ರಂಥಾಲಯಗಳಿಗೆ ಅಂತಲೇ ಒಂದು ಕೈಪಿಡಿ ತಂದಿತು. ಅದರ ಪ್ರಶ್ನೆಗಳು ಇವತ್ತಿಗೂ ಕೆಲಸಕ್ಕೆ ಬರುತ್ತವೆ. ಈ ಪುಸ್ತಕ ತಪ್ಪು ಮಾಹಿತಿ ಕೊಡುತ್ತಿದೆಯಾ, ಸರಿಪಡಿಸಲಾಗದಷ್ಟು ಹಾಳಾಗಿದೆಯಾ, ಇದರ ಹೊಸ ಆವೃತ್ತಿ ಬಂದಿದೆಯಾ, ಇದರಲ್ಲಿ ಹುರುಳಿದೆಯಾ, ಇಲ್ಲಿ ಬರುವ ಓದುಗರಿಗೆ ಬೇಕಾ, ಬೇರೆ ಕಡೆ ಸುಲಭವಾಗಿ ಸಿಗುತ್ತದಾ. ವೈದ್ಯಕೀಯ, ಕಾನೂನು, ತೆರಿಗೆ ಪುಸ್ತಕಗಳ ವಿಷಯದಲ್ಲಿ ಮಾತ್ರ ಯಾವ ಕರುಣೆಯೂ ಬೇಡ. ಹಳೆಯ ಔಷಧಿ ಪುಸ್ತಕ ನಂಬಿ ಯಾರಾದರೂ ಮಗುವಿಗೆ ಔಷಧಿ ಕೊಟ್ಟರೆ? ಕಥೆ, ಕವಿತೆ, ಸ್ಥಳೀಯ ಇತಿಹಾಸ, ಅಲ್ಲಿಯವರೇ ಬರೆದು ಅಚ್ಚು ಮಾಡಿಸಿದ ಪುಸ್ತಕ ಇವೆಲ್ಲ ಬೇರೆ ಲೆಕ್ಕ. ಸ್ಥಳೀಯರು ನೂರಿನ್ನೂರು ಪ್ರತಿ ಮಾಡಿಸಿದ ಪುಸ್ತಕವನ್ನು ಹತ್ತು ವರ್ಷ ಯಾರೂ ಮುಟ್ಟದಿದ್ದರೂ ಇಟ್ಟುಕೊಳ್ಳಿ, ಅದು ಇನ್ನೆಲ್ಲೂ ಸಿಗುವುದಿಲ್ಲ. ಹೀಗೆ ತೆಗೆದ ಪುಸ್ತಕವನ್ನು ರಿಜಿಸ್ಟರಿನಲ್ಲಿ ಗುರುತು ಹಾಕಿ, ಒಳಗಿನ ಸೀಲಿನ ಮೇಲೆ "ರದ್ದು" ಅಂತ ಒತ್ತಿಯೇ ಕಳಿಸಬೇಕು. ಇಲ್ಲದಿದ್ದರೆ ಯಾರೋ ಪುಣ್ಯಾತ್ಮರು ಅದನ್ನು ರದ್ದಿ ಅಂಗಡಿಯಲ್ಲಿ ಕಂಡು ಮತ್ತೆ ವಾಪಸ್ ತಂದು ಕೊಡುತ್ತಾರೆ!

ರಿಜಿಸ್ಟರ್ ಅಂದೆನಲ್ಲ, ಅದು ಮೊದಲ ದಿನದಿಂದಲೇ ಇರಬೇಕು. ಪ್ರತಿ ಪುಸ್ತಕಕ್ಕೂ ಒಂದು ನಂಬರ್, ಬಂದ ತಾರೀಕು, ಎಲ್ಲಿಂದ ಬಂತು. ಒಮ್ಮೆ ಕೊಟ್ಟ ನಂಬರನ್ನು ಪುಸ್ತಕ ಕಳೆದುಹೋದರೂ ಇನ್ನೊಂದಕ್ಕೆ ಕೊಡಬಾರದು. ಕಂಪ್ಯೂಟರಿನಲ್ಲಿ ಮಾಡುವುದಾದರೆ ಕೋಹಾ ಅನ್ನುವ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ. ನ್ಯೂಜಿಲೆಂಡಿನ ಒಂದು ಸಾರ್ವಜನಿಕ ಗ್ರಂಥಾಲಯಕ್ಕಾಗಿ ಮಾಡಿಸಿ 2000ದಲ್ಲಿ ಬಳಕೆಗೆ ಬಂದದ್ದು, ಈಗ ಪ್ರಪಂಚದ ಎಲ್ಲೆಡೆ ಇದೆ. ಆದರೆ ಅದನ್ನು ನೋಡಿಕೊಳ್ಳಲು ಕಂಪ್ಯೂಟರ್ ಗೊತ್ತಿರುವವರು ಒಬ್ಬರು ಖಾಯಂ ಇರಬೇಕು. ಅಂಥವರು ಇಲ್ಲ ಅಂದರೆ ಒಂದು ಸ್ಪ್ರೆಡ್‌ಶೀಟ್, ಅದರ ಎರಡು ಪ್ರತಿ ಬೇರೆ ಬೇರೆ ಕಡೆ ಇದ್ದರೆ ಸಣ್ಣ ಗ್ರಂಥಾಲಯಕ್ಕೆ ಧಾರಾಳ ಸಾಕು.

ಪುಸ್ತಕ ಜೋಡಿಸುವುದರ ಬಗ್ಗೆ ನನ್ನದೊಂದು ತಕರಾರು ಇದೆ. ವಿಷಯಕ್ಕೊಂದು ಅಂಕಿ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ದಶಮಾಂಶ ವರ್ಗೀಕರಣ 1876ರಲ್ಲಿ ಬಂದದ್ದು, ಅದನ್ನು ಹಾಗೇ ತಂದು ಹಾಕಬೇಕು ಅನ್ನುವವರು ಇದ್ದಾರೆ. ಅದರಲ್ಲಿ ಇಂಗ್ಲಿಷ್ ಸಾಹಿತ್ಯಕ್ಕೆ 820ರಿಂದ 829ರವರೆಗೆ ಇಡೀ ಸಾಲೇ ಇದೆ. ಕನ್ನಡ ಸಾಹಿತ್ಯಕ್ಕೆ? 894.814. ಅದರ ಮುಂದೆ ಕವಿತೆ, ನಾಟಕ, ಕಾದಂಬರಿ ಅಂತ ಇನ್ನಷ್ಟು ಅಂಕಿ ಸೇರಿಸಿದರೆ ತೆಳ್ಳಗಿನ ಕವನ ಸಂಕಲನದ ಬೆನ್ನಿನ ಮೇಲೆ ಅದು ಹಿಡಿಯುವುದೂ ಇಲ್ಲ, ಓದಲು ಬರುವ ಹುಡುಗಿಗೆ ಅದು ಅರ್ಥವೂ ಆಗುವುದಿಲ್ಲ. ನಮ್ಮ ದೇಶದ ಗ್ರಂಥಾಲಯ ತಜ್ಞ ಎಸ್. ಆರ್. ರಂಗನಾಥನ್ 1931ರಲ್ಲಿ ಬರೆದ ಗ್ರಂಥಾಲಯದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸಿ ಅನ್ನುವುದು. ನಮ್ಮ ಭಾಷೆಯ ಪುಸ್ತಕಗಳೇ ಮುಕ್ಕಾಲು ಭಾಗ ಇರುವ ಕಡೆ "ಕಾದಂಬರಿ", "ಕವಿತೆ", "ವಿಜ್ಞಾನ" ಅಂತ ದೊಡ್ಡ ಅಕ್ಷರದಲ್ಲಿ ಬರೆದು, ಒಳಗೆ ಲೇಖಕರ ಹೆಸರಿನ ಅಕ್ಷರಕ್ರಮದಲ್ಲಿ ಇಟ್ಟರೆ ಆ ಸೂತ್ರವನ್ನು ಪಾಲಿಸಿದ ಹಾಗೇ ಅಲ್ವಾ? ಮಕ್ಕಳ ಪುಸ್ತಕಕ್ಕೆ ಬಣ್ಣದ ಪಟ್ಟಿ ಸಾಕು. ಯಾವ ಕ್ರಮ ಅನ್ನುವುದಕ್ಕಿಂತ, ಆ ಕ್ರಮವನ್ನು ವಾರ ವಾರವೂ ಯಾರಾದರೂ ಸರಿ ಮಾಡುತ್ತಾರಾ ಅನ್ನುವುದು ಮುಖ್ಯ. ತಪ್ಪು ಜಾಗದಲ್ಲಿ ಇಟ್ಟ ಪುಸ್ತಕ ಕಳೆದುಹೋದಂತೆಯೇ.

ಪುಸ್ತಕಗಳ ಆರೋಗ್ಯದ ವಿಷಯಕ್ಕೆ ಬಂದರೆ, ದೊಡ್ಡ ಶತ್ರು ತೇವ. ಗಾಳಿಯಲ್ಲಿ ತೇವಾಂಶ ಶೇ 65 ದಾಟಿ ಅಲ್ಲೇ ನಿಂತರೆ ಬೂಷ್ಟು ಬರಲು ಶುರು. ಕಪಾಟನ್ನು ಗೋಡೆಗೆ ಒತ್ತಿ ಇಡಬೇಡಿ, ಹಿಂದೆ ಒಂದು ಗೇಣು ಜಾಗ ಬಿಡಿ. ಕೆಳಗಿನ ಸಾಲು ನೆಲದಿಂದ ಮೇಲಿರಲಿ. ಮಳೆ ನಿಂತ ಬಿಸಿಲಿನ ದಿನ ಕಿಟಕಿ ತೆಗೆದು ಫ್ಯಾನ್ ಹಾಕಿ, ಆದರೆ ಪುಸ್ತಕಗಳನ್ನು ನೇರ ಬಿಸಿಲಿಗೆ ಹರಡಬೇಡಿ, ಕಾಗದ ಹಳದಿಯಾಗಿ ಪುಡಿಪುಡಿ ಆಗುತ್ತದೆ. ಹತ್ತೊಂಬತ್ತನೇ ಶತಮಾನದ ನಡುವಿನಿಂದ ಬಂದ ಮರದ ತಿರುಳಿನ ಕಾಗದದಲ್ಲಿ ಆಮ್ಲ ಇರುತ್ತದೆ, ಅದು ತನ್ನಷ್ಟಕ್ಕೇ ಸವೆಯುತ್ತದೆ. ಬಿಸಿಲು ಮತ್ತು ಸೆಕೆ ಅದನ್ನು ಇನ್ನೂ ಬೇಗ ಮುಗಿಸುತ್ತವೆ. ಸೂರು ಸೋರಿ ಪುಸ್ತಕ ಒದ್ದೆಯಾದರೆ ಎರಡು ದಿನದೊಳಗೆ ಒಣಗಿಸಬೇಕು, ಆಮೇಲೆ ಬೂಷ್ಟು ಹಿಡಿಯುತ್ತದೆ. ಹಾಳೆಗಳನ್ನು ಬಿಡಿಸಿ ನಿಲ್ಲಿಸಿ ಫ್ಯಾನ್ ಗಾಳಿ ಕೊಡಿ. ತುಂಬಾ ಪುಸ್ತಕ ಒದ್ದೆಯಾಗಿ ಒಣಗಿಸಲು ಜನ ಸಾಲದಿದ್ದರೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಫ್ರೀಜರಿನಲ್ಲಿ ಇಟ್ಟು, ಆಮೇಲೆ ಸ್ವಲ್ಪ ಸ್ವಲ್ಪವೇ ತೆಗೆದು ಒಣಗಿಸಬಹುದು.

ಹುಳಕ್ಕೂ ಫ್ರೀಜರ್ ಒಳ್ಳೆಯ ಮದ್ದು. 1977ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಅಪರೂಪದ ಪುಸ್ತಕಗಳ ಗ್ರಂಥಾಲಯಕ್ಕೆ ಹುಳ ಬಿದ್ದಾಗ ಪುಸ್ತಕಗಳನ್ನು ಗಡ್ಡೆ ಕಟ್ಟುವಷ್ಟು ತಣ್ಣಗೆ ಮಾಡಿಯೇ ಉಳಿಸಿಕೊಂಡರು. ಸಣ್ಣ ಮಟ್ಟದಲ್ಲಿ ನಾವೂ ಮಾಡಬಹುದು. ಗಾಳಿ ಆಡದ ಹಾಗೆ ಪಾಲಿಥೀನ್ ಚೀಲದಲ್ಲಿ ಹಾಕಿ, ಮೈನಸ್ 20 ಡಿಗ್ರಿ ಇರುವ ಫ್ರೀಜರಿನಲ್ಲಿ ಒಂದು ವಾರ. ಹೊರಗೆ ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಲೇಬಾರದು, ಬಿಚ್ಚಿದರೆ ನೀರು ಕೂರುತ್ತದೆ. ದಾನವಾಗಿ ಬಂದ ಪೆಟ್ಟಿಗೆಯನ್ನು ಕೆಲವು ದಿನ ಬೇರೆ ಕಡೆ ಇಟ್ಟು ನೋಡಿಯೇ ಕಪಾಟಿಗೆ ಸೇರಿಸುವುದು ಇದಕ್ಕಿಂತ ಸುಲಭ. ನುಸಿಗುಳಿಗೆ ಮಾತ್ರ ದಯವಿಟ್ಟು ಬೇಡ. ಆ ವಾಸನೆಗೂ ಗ್ರಂಥಾಲಯಕ್ಕೂ ಅಷ್ಟು ಹಳೆಯ ನಂಟು ಇದೆ, ಗೊತ್ತು. ಆದರೆ ಅದರಲ್ಲಿರುವ ನಾಫ್ತಲೀನ್ ಕ್ಯಾನ್ಸರ್ ತರಬಹುದಾದ ವಸ್ತುಗಳ ಪಟ್ಟಿಯಲ್ಲಿದೆ, ಮತ್ತು ಜಿ6ಪಿಡಿ ಅನ್ನುವ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವ ಮಕ್ಕಳಿಗೆ ಅದರಿಂದ ರಕ್ತಕಣಗಳೇ ಒಡೆಯಬಹುದು. ಮಕ್ಕಳು ಗಂಟೆಗಟ್ಟಲೆ ಕೂತು ಓದುವ ಕೋಣೆಗೆ ಅದು ಯಾಕೆ? ಗೆದ್ದಲಿಗಂತೂ ನುಸಿಗುಳಿಗೆ ಉಪಾಯವೇ ಅಲ್ಲ. ಗೆದ್ದಲು ನೆಲದಿಂದ, ಗೋಡೆಯಿಂದ ಬರುತ್ತದೆ, ಕಟ್ಟಡಕ್ಕೇ ಮದ್ದು ಹೊಡೆಸಬೇಕು.

ಹರಿದ ಹಾಳೆಗೆ ಸೆಲ್ಲೋ ಟೇಪ್ ಹಚ್ಚಬೇಡಿ. ಕೆಲವು ವರ್ಷದಲ್ಲಿ ಪ್ಲಾಸ್ಟಿಕ್ ಉದುರಿ ಹೋಗಿ ಅಂಟು ಮಾತ್ರ ಕಂದು ಕಲೆಯಾಗಿ ಉಳಿಯುತ್ತದೆ, ಆಮೇಲೆ ತೆಗೆಯುವುದು ತುಂಬಾ ಕಷ್ಟ. ತೆಳು ಕಾಗದದ ಪಟ್ಟಿ, ಗೋಧಿ ಪಿಷ್ಟದ ಅಂಟು, ಮೇಲೆ ಒಂದು ಭಾರ. ಒಬ್ಬರು ಕಲಿತರೆ ಸಾಕು, ಶಾಲೆ ಮಕ್ಕಳಿಗೂ ಹೇಳಿಕೊಡಬಹುದು.

ದಂಡದ ವಿಷಯ ಬೇಗ ಮುಗಿಸುತ್ತೇನೆ: ತೆಗೆದುಬಿಡಿ. 2019ರಲ್ಲಿ ಷಿಕಾಗೋ ನಗರದ ಸಾರ್ವಜನಿಕ ಗ್ರಂಥಾಲಯ ತಡವಾದ ಪುಸ್ತಕಕ್ಕೆ ದಂಡ ಹಾಕುವುದನ್ನೇ ನಿಲ್ಲಿಸಿತು. ಹೆದರಿ ಮನೆಯಲ್ಲೇ ಇಟ್ಟುಕೊಂಡಿದ್ದ ಪುಸ್ತಕಗಳನ್ನು ಜನ ತಂದುಕೊಟ್ಟರು. ದಂಡಕ್ಕೆ ಹೆದರಿ ಬರುವುದನ್ನೇ ಬಿಡುವವರು ಬಡವರು ಮತ್ತು ಮಕ್ಕಳು. ಗ್ರಂಥಾಲಯ ಇರುವುದೇ ಅವರಿಗಾಗಿ. ಸಾರ್ವಜನಿಕ ಗ್ರಂಥಾಲಯದ ಸೇವೆ ಉಚಿತವಾಗಿರಬೇಕು ಅಂತ ಯುನೆಸ್ಕೋ ಪ್ರಣಾಳಿಕೆಯೂ ಹೇಳುತ್ತದೆ. ಪುಸ್ತಕ ಕಳೆದರೆ ಅದೇ ಪುಸ್ತಕ ತಂದುಕೊಡಿ ಅನ್ನಬಹುದು, ಅದು ನ್ಯಾಯ. ಹಾಗೆಯೇ ಯಾರು ಯಾವ ಪುಸ್ತಕ ಒಯ್ದರು ಅನ್ನುವುದು ಮೂರನೆಯವರಿಗೆ ಗೊತ್ತಾಗಬಾರದು. ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಬಿಚ್ಚಿಟ್ಟ ಎರವಲು ರಿಜಿಸ್ಟರ್ ಕಂಡರೆ ನನಗೆ ಸಿಟ್ಟು ಬರುತ್ತದೆ. ಕಾಯಿಲೆ ಬಗ್ಗೆಯೋ ಮದುವೆ ಮುರಿಯುವ ಬಗ್ಗೆಯೋ ಓದಲು ಹೊರಟವರು ಆ ರಿಜಿಸ್ಟರನ್ನು ನೋಡಿ ಬರಿಗೈಯಲ್ಲಿ ಹೋಗುತ್ತಾರೆ.

ಕೊನೆಯದಾಗಿ ಹಣ ಮತ್ತು ಜನ. ಕಟ್ಟಡ, ಕಪಾಟು, ಉದ್ಘಾಟನೆಗೆ ದುಡ್ಡು ಕೊಡುವವರು ಸಿಗುತ್ತಾರೆ. ಕರೆಂಟ್ ಬಿಲ್ಲಿಗೆ, ಗುಡಿಸುವವರ ಸಂಬಳಕ್ಕೆ, ದಿನಪತ್ರಿಕೆಗೆ, ವರ್ಷಕ್ಕೊಮ್ಮೆ ಸೂರು ರಿಪೇರಿಗೆ ಸಿಗುವುದಿಲ್ಲ. ಅದಕ್ಕೇ ದೊಡ್ಡ ದಾನಿ ಒಬ್ಬರಿಗಿಂತ ತಿಂಗಳು ತಿಂಗಳು ಸಣ್ಣ ಮೊತ್ತ ಕೊಡುವ ಹತ್ತಾರು ಜನ ಮೇಲು. ಬಾಗಿಲು ತೆಗೆಯುವ ಸಮಯ ವಾರಕ್ಕೆ ಮೂರೇ ಸಂಜೆ ಆದರೂ ಪರವಾಗಿಲ್ಲ, ಹೇಳಿದ ಹೊತ್ತಿಗೆ ತೆಗೆದಿರಬೇಕು. ಎರಡು ಸಲ ಮುಚ್ಚಿದ ಬಾಗಿಲು ನೋಡಿದ ಅಜ್ಜ ಮೂರನೇ ಸಲ ಅಷ್ಟು ದೂರ ನಡೆದು ಬರುವುದಿಲ್ಲ. ಹೀಗಾಗಿ ಬೀಗದ ಕೀ ಕನಿಷ್ಠ ಮೂವರ ಹತ್ತಿರ ಇರಲಿ. ರಿಜಿಸ್ಟರ್ ಎಲ್ಲಿದೆ, ಪಾಸ್‌ವರ್ಡ್ ಏನು, ಬಿಲ್ಲು ಯಾವ ತಾರೀಕಿಗೆ, ಗೆದ್ದಲಿಗೆ ಮದ್ದು ಹೊಡೆದದ್ದು ಯಾವಾಗ ಅನ್ನುವುದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಈ ವಾರವೇ ಬರೆದಿಡಿ. ಬರೆದಾದ ಮೇಲೆ ಆ ನೋಟ್‌ಬುಕ್ ನೋಡಿಕೊಂಡು ಬೇರೆ ಯಾರಾದರೂ ಒಂದು ಸಂಜೆ ಗ್ರಂಥಾಲಯ ನಡೆಸಲಿ, ಆವತ್ತು ನೀವು ಅಲ್ಲಿಗೆ ಹೋಗಬೇಡಿ.