ಫ್ರೇಮಿನಲ್ಲಿ ಬಂದ ನಾವು

ಮಳೆಗಾಲದ ಶನಿವಾರ ಚಾರ್ಮಾಡಿ ಘಾಟಿ ಇಳಿಯಬೇಕು ಅಂದರೆ ಬೆಳಕು ಹರಿಯುವ ಹೊತ್ತಿಗೇ ಕೊಟ್ಟಿಗೆಹಾರ ದಾಟಿರಬೇಕು ಅನ್ನೋದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಆದರೆ ದೊಡ್ಡಮ್ಮನಿಗೆ ದನ ಕರೆದು, ಕೋಳಿಗೂಡು ತೆಗೆದು, ದೇವರಿಗೆ ದೀಪ ಹಚ್ಚಿ ಆಮೇಲೇ ಹೊರಡೋದು. ಮಂಗಳೂರಿನ ಡಾಕ್ಟರು ಹನ್ನೊಂದಕ್ಕೆ ಬರಹೇಳಿದ್ದರು. ರಕ್ತ ಪರೀಕ್ಷೆ ಇದೆ, ಏನೂ ತಿನ್ನದೆ ಬನ್ನಿ ಅಂತಲೂ ಹೇಳಿದ್ದರು. ಹಾಗಾಗಿ ಕೊಟ್ಟಿಗೆಹಾರದ ನೀರ್‌ದೋಸೆ ಹೋಟೆಲುಗಳನ್ನು ಕಾರಿನ ಗಾಜು ಏರಿಸಿಕೊಂಡೇ ದಾಟಿದೆವು. ದೊಡ್ಡಮ್ಮ ಒಬ್ಬಳೇ ಉಪವಾಸ ಇರೋದು ಸರಿಯಲ್ಲ ಅಂತ ನಾನೂ ತಿಂದಿರಲಿಲ್ಲ. ಅದು ದೊಡ್ಡ ತ್ಯಾಗ ಅನ್ನುವ ಹಾಗೆ ಆಗಾಗ ಹೇಳಿಕೊಳ್ಳುತ್ತಲೂ ಇದ್ದೆ.

ಕರೆದುಕೊಂಡು ಹೋಗಬೇಕಿದ್ದವನು ಅವಳ ಮಗ, ನಮ್ಮಣ್ಣ. ಅವನದು ಹೋಂಸ್ಟೇ. ಶನಿವಾರ ಅಂದರೆ ಅವನು ಯಾರ ಕೈಗೂ ಸಿಗೋದಿಲ್ಲ. ಅಕ್ಕನ ಮಗ ಕ್ಯಾಲಿಫೋರ್ನಿಯಾದಿಂದ ರಜೆಗೆ ಬಂದಿದ್ದ. ಗಾಡಿ ನಾನೇ ಓಡಿಸ್ತೀನಿ ಮಾವ ಅಂತ ಹೊರಟ. ಒಳ್ಳೆ ಹುಡುಗ, ನಿಧಾನ ಓಡಿಸ್ತಾನೆ, ಆದರೆ ಹಾರ್ನ್ ಹೊಡೆಯೋದು ಪೂರ್ತಿ ಮರೆತಿದ್ದಾನೆ. ತಿರುವು ಬಂದಾಗೆಲ್ಲ ನಾನು ಪಕ್ಕದಿಂದ ಕೈಹಾಕಿ ಒತ್ತಬೇಕು.

ಮಲಯಮಾರುತ ದಾಟಿ ಸ್ವಲ್ಪ ಇಳಿದಿದ್ದೆವು, ಒಂದು ಜಲಪಾತದ ತಿರುವಲ್ಲಿ ಗಾಡಿ ನಿಂತೇ ಬಿಟ್ಟಿತು. ಎರಡೂ ಕಡೆ ಕಾರು, ಬೈಕು. ನಡುವೆ ಧರ್ಮಸ್ಥಳದ ಬಸ್ಸು ಅಡ್ಡ. ಬಂಡೆ ಹತ್ತಬಾರದು ಅಂತ ಪೊಲೀಸರು ಹಾಕಿದ ಬೋರ್ಡಿಗೆ ಯಾರೋ ಒದ್ದೆ ಜರ್ಕಿನ್ ನೇತುಹಾಕಿದ್ದರು. ಅದರ ತೋಳಿನಿಂದ ನೀರು ತೊಟ್ಟಿಕ್ಕುತ್ತಿತ್ತು, ಬೋರ್ಡಿನಲ್ಲಿ 'ಅಪಾಯ' ಅನ್ನೋದರ ಅರ್ಧ ಮಾತ್ರ ಕಾಣುತ್ತಿತ್ತು. ಮೇಲೆ ಬಂಡೆಯ ಮೇಲೆ ನಾಲ್ಕೈದು ಜನ ಕುಣಿಯುತ್ತಿದ್ದರು. ಹಾಡು ಕೆಳಗೆ ಕಾರಿನಲ್ಲಿ.

ಆಗ ಹಳದಿ ರೇನ್‌ಕೋಟಿನ ಹುಡುಗನೊಬ್ಬ ಬಂದು ಗಾಜು ತಟ್ಟಿದ.

"ಬ್ರೋ, ಗಾಡಿ ಸ್ವಲ್ಪ ಹಿಂದೆ ತಗೋತೀರಾ? ಫ್ರೇಮಲ್ಲಿ ಬರ್ತಿದೆ."

ಅಕ್ಕನ ಮಗ ಬಾಯಿಬಿಟ್ಟುಕೊಂಡು ಕೂತ. ಹಿಂದಿನ ಸೀಟಿನಿಂದ ದೊಡ್ಡಮ್ಮ ಗಾಜು ಇಳಿಸಿ, ಬಹಳ ಗಂಭೀರವಾಗಿ, "ನಾವು ಇಲ್ಲಿಯೋರೇ ಕಣಪ್ಪ" ಅಂದಳು.

"ಹೌದಾ ಅಜ್ಜಿ? ಲಕ್ಕಿ ನೀವು!"

ಅಷ್ಟೇ. ನಾಲ್ಕು ಮಾತು. ವಾರವಿಡೀ ತಲೆಯೊಳಗೆ ಅದೇ ಓಡುತ್ತಿದೆ. ಇಲ್ಲಿಯೋರು ಅಂದುಬಿಟ್ಟರೆ ಮುಗಿಯಿತು, ಇನ್ನು ಯಾರೂ ಗಾಡಿ ಹಿಂದೆ ತಗೊಳ್ಳಿ ಅನ್ನೋದಿಲ್ಲ ಅಂತ ದೊಡ್ಡಮ್ಮನ ನಂಬಿಕೆ. ಇಂಥ ಜಾಗದಲ್ಲಿ ಹುಟ್ಟಿದ್ದಕ್ಕೆ ಅಭಿನಂದನೆ ಹೇಳಿದೆ ಅಂತ ಅವನ ನಂಬಿಕೆ. ಅವನು ಕೆಟ್ಟವನಾಗಿದ್ದರೆ ನನಗೆ ಸಲೀಸಾಗುತ್ತಿತ್ತು, ಬೈದುಕೊಂಡು ಸುಮ್ಮನಾಗುತ್ತಿದ್ದೆ. ಆದರೆ ಆಮೇಲೆ ಮಳೆಯಲ್ಲಿ ನಿಂತು, ಕೈಸನ್ನೆ ಮಾಡಿ, ಬಸ್ಸನ್ನು ಹಿಂದೆ ತೆಗೆಸಿ ದಾರಿ ಬಿಡಿಸಿದವನೂ ಅವನೇ. ನಾವು ಹೋಗುವಾಗ ದೊಡ್ಡಮ್ಮನಿಗೆ ಕೈ ಬೇರೆ ಬೀಸಿದ.

ಕಾಯುತ್ತಾ ಕೂತಾಗ ಅಕ್ಕನ ಮಗ ಅಲ್ಲಿಯ ಸುದ್ದಿ ತೆಗೆದ. ಕ್ಯಾಲಿಫೋರ್ನಿಯಾದಲ್ಲಿ ಇಂಥ ರಸ್ತೆಗಳನ್ನು ಸರ್ಕಾರವೇ ಗುರುತಿಸಿ 'ಚೆಂದದ ನೋಟದ ರಸ್ತೆ' ಅಂತ ಘೋಷಣೆ ಮಾಡುತ್ತದಂತೆ, ಪಕ್ಕದಲ್ಲಿ ಗಸಗಸೆ ಹೂವಿನ ಚಿತ್ರದ ಬೋರ್ಡು ನಿಲ್ಲಿಸುತ್ತದಂತೆ. ಕಿತ್ತಳೆ ಬಣ್ಣದ ಆ ಹೂವು ಅವರ ರಾಜ್ಯದ ಹೂವು. ಬಿಗ್ ಸರ್ ಅನ್ನುವ ಕಡೆ ಒಂದು ಪಕ್ಕ ಬೆಟ್ಟ, ಒಂದು ಪಕ್ಕ ಸಮುದ್ರ, ನಡುವೆ 'ಹೈವೇ 1' ಅನ್ನುವ ರಸ್ತೆ. "ಚಾರ್ಮಾಡೀನೂ ಹಂಗೆ ಮಾಡ್ಬೇಕು ಮಾವ" ಅಂದ.

ದೊಡ್ಡಮ್ಮ ಹಿಂದಿನಿಂದ ಕೇಳಿದಳು: "ಅಲ್ಲಿ ಮನೆ ಕಟ್ಕೊಂಡು ಇರೋರನ್ನ ಕೇಳ್ತಾರೇನೋ?"

ಅವನಿಗೆ ಗೊತ್ತಿರಲಿಲ್ಲ. ಹಸಿವಿಗೆ ಹುಟ್ಟಿದ ಪ್ರಶ್ನೆ ಅದು, ಆದರೂ ನನಗೆ ಬಿಡಲಿಲ್ಲ. ಮನೆಗೆ ಬಂದು ರಾತ್ರಿ ಓದುತ್ತಾ ಕೂತೆ.

ಕೇಳ್ತಾರೆ. ಬರೀ ಕೇಳೋದಲ್ಲ, ಅಲ್ಲಿಯವರೇ ಅರ್ಜಿ ಹಾಕಬೇಕು. 1963ರಲ್ಲಿ ಆ ರಾಜ್ಯದ ಶಾಸನಸಭೆ ಈ ಯೋಜನೆ ತಂದಿತು. ಶಾಸನಸಭೆ ಮಾಡೋದು ಅರ್ಹ ರಸ್ತೆಗಳ ಪಟ್ಟಿ ಮಾತ್ರ. ಪಟ್ಟಿಯಲ್ಲಿದ್ದ ಮಾತ್ರಕ್ಕೆ ಹೂವಿನ ಬೋರ್ಡು ಸಿಗೋದಿಲ್ಲ. ಆ ರಸ್ತೆ ಹಾದುಹೋಗುವ ಕೌಂಟಿ, ಅಂದರೆ ನಮ್ಮ ಜಿಲ್ಲೆಯ ಹಾಗಿನದು, ಇಲ್ಲವೇ ಅಲ್ಲಿಯ ನಗರಾಡಳಿತ, ಈ ನೋಟವನ್ನು ಹೀಗೇ ಕಾಪಾಡುತ್ತೇವೆ ಅಂತ ಕಟ್ಟುಪಾಡು ಬರೆದುಕೊಡಬೇಕು: ಜಮೀನು ಯಾವುದಕ್ಕೆ ಬಳಸಬೇಕು, ಕಟ್ಟಡ ಹೇಗಿರಬೇಕು, ಮಣ್ಣು ಎಷ್ಟು ಅಗೆಯಬಹುದು, ಜಾಹೀರಾತು ಫಲಕ ಎಲ್ಲಿ ಹಾಕಬಾರದು. ಐದು ವರ್ಷಕ್ಕೊಮ್ಮೆ ತಪಾಸಣೆ. ಮಾತು ತಪ್ಪಿದರೆ ಬಿರುದು ವಾಪಸ್ಸು. ಮೊದಲ ಬಿರುದು ಸಿಕ್ಕಿದ್ದು ಬಿಗ್ ಸರ್ ರಸ್ತೆಗೆ, 1965ರಲ್ಲಿ. ಮರುವರ್ಷ, 1966ರಲ್ಲಿ, ಅಮೆರಿಕದ ಅಧ್ಯಕ್ಷರ ಹೆಂಡತಿ ಲೇಡಿ ಬರ್ಡ್ ಜಾನ್ಸನ್ ಬಿಕ್ಸ್‌ಬಿ ಸೇತುವೆಯ ಹತ್ತಿರ ಬಂದು ಸಮಾರಂಭ ಮಾಡಿದ್ದರು.

ಅಲ್ಲಿಯೂ ಅಳತೆ ಹಳದಿ ರೇನ್‌ಕೋಟಿನವನದೇ. ದಾರಿಯಲ್ಲಿ ಹೋಗುವವನಿಗೆ ಕಾಡು ಬೆಟ್ಟ ಎಷ್ಟು ಕಾಣುತ್ತದೆ, ಮನುಷ್ಯ ಕಟ್ಟಿದ್ದು ಎಷ್ಟು ಅಡ್ಡ ಬರುತ್ತದೆ ಅಂತಲೇ ನೋಡೋದು. ಮನೆ, ಕಂಬ, ಫಲಕ ಎಲ್ಲ ಫ್ರೇಮಲ್ಲಿ ಬರ್ತಿದೆ, ಹಿಂದೆ ತಗೊಳ್ಳಿ. ಆದರೆ ಗಾಜು ತಟ್ಟಿ ಹೇಳೋದಲ್ಲ. ಊರು ಕೂತು ಮಾತಾಡಿ, ನಾವೇ ಹಿಂದೆ ತಗೋತೀವಿ ಅಂತ ರುಜು ಹಾಕಿಕೊಡೋದು.

ಒಂದು ವಿಷಯ ಓದಿ ಮರುದಿನ ದೊಡ್ಡಮ್ಮನಿಗೆ ಹೇಳಿದೆ. ಬಿರುದು ಪಡೆದ ರಸ್ತೆಯಿಂದ ಸಾವಿರ ಅಡಿಯೊಳಗೆ ಹೊಸದಾಗಿ ಕರೆಂಟು ತಂತಿ ಎಳೆಯಬೇಕಾದರೆ, ಸಾಧ್ಯವಾದ ಕಡೆಯಲ್ಲೆಲ್ಲ ನೆಲದೊಳಗೇ ಎಳೆಯಬೇಕು ಅಂತ 1971ರಿಂದ ಅಲ್ಲಿ ಕಾನೂನಿದೆ. ಅಷ್ಟು ಹೊತ್ತು ಹೂಂಗುಟ್ಟುತ್ತಾ ಅವರೆಕಾಳು ಹಿಚುಕುತ್ತಿದ್ದವಳು ತಟ್ಟನೆ ತಲೆ ಎತ್ತಿದಳು.

"ನೆಲದೊಳಗಾ? ಹಂಗಾದ್ರೆ ಮರ ಬಿದ್ರೂ ಕರೆಂಟ್ ಹೋಗಲ್ವಾ?"

"ಹೋಗಲ್ಲ."

"ಹಂಗಿದ್ರೆ ಆ ಬೋರ್ಡು ಹಾಕ್ಸಿ ಮಾರಾಯ. ನೋಡೋರು ನೋಡ್ಕಳ್ಳಿ."

ಆಷಾಢದ ಗಾಳಿಗೆ ಸಿಲ್ವರ್ ಓಕ್ ಮುರಿದು ತಂತಿಯ ಮೇಲೆ ಬಿದ್ದು, ದಿನಗಟ್ಟಲೆ ಕತ್ತಲಲ್ಲಿ ಕೂತು, ಫೋನ್ ಚಾರ್ಜಿಗೆ ಪೇಟೆಗೆ ಹೋದವರಿಗೆ ಈ ಮಾತಿನ ಬೆಲೆ ಗೊತ್ತು. ಅವಳಿಗೆ ನೋಟ ಬೇಡ, ನೆಲದೊಳಗಿನ ತಂತಿ ಬೇಕು. ಬೋರ್ಡು ಬಯಸುವವರು ಬೇರೆ, ಬೋರ್ಡಿನ ಜೊತೆ ಬರುವುದನ್ನು ಬಯಸುವವರು ಬೇರೆ.

ಬಿರುದು ಕೊಟ್ಟರೆ ಬೆಟ್ಟ ಸುಮ್ಮನಿರುತ್ತದೆ ಅಂತೇನಿಲ್ಲ. 2017ರ ಮೇ ತಿಂಗಳಲ್ಲಿ ಅದೇ ಬಿಗ್ ಸರ್‌ನ ಮಡ್ ಕ್ರೀಕ್‌ನಲ್ಲಿ ಗುಡ್ಡ ಜಾರಿ ರಸ್ತೆಯನ್ನು ಹೂತುಹಾಕಿತು. ಮತ್ತೆ ತೆರೆದದ್ದು 2018ರ ಜುಲೈಗೆ. ಇಲ್ಲಿ 2019ರ ಆಗಸ್ಟಿನಲ್ಲಿ ಚಾರ್ಮಾಡಿ ಕುಸಿದು ರಸ್ತೆ ಮುಚ್ಚಿದ್ದು, ಆಮೇಲೆ ಸಣ್ಣ ಗಾಡಿಗಳನ್ನಷ್ಟೇ ಬಿಟ್ಟಿದ್ದು ಮೂಡಿಗೆರೆಯ ಕಡೆಯವರಾರೂ ಮರೆತಿಲ್ಲ. ಆಗ ಮಂಗಳೂರಿನ ಆಸ್ಪತ್ರೆಗೆ ಸುತ್ತಿ ಬಳಸಿ ಹೋದವರಲ್ಲಿ ದೊಡ್ಡಮ್ಮನೂ ಒಬ್ಬಳು. ಆ ಮಳೆಗಾಲದಲ್ಲಿ ನಮ್ಮನ್ನು ಯಾರೂ ಲಕ್ಕಿ ಅನ್ನಲಿಲ್ಲ.

ಇನ್ನೊಂದು ಕಡೆ, ಮಲೆನಾಡಿನಲ್ಲಿ 'ಘೋಷಣೆ' ಅಂದರೆ ಸಾಕು, ಜನ ಎದೆ ಹಿಡಿದುಕೊಳ್ಳುತ್ತಾರೆ. ಪಶ್ಚಿಮ ಘಟ್ಟ ಉಳಿಸೋದರ ಬಗ್ಗೆ ಕಸ್ತೂರಿರಂಗನ್ ವರದಿ ಬಂದದ್ದು 2013ರಲ್ಲಿ. ಅದರ ಮೇಲೆ ಕೇಂದ್ರ ಸರ್ಕಾರದ ಆರನೇ ಕರಡು ಅಧಿಸೂಚನೆ 2024ರ ಜುಲೈ 31ಕ್ಕೆ ಬಂತು. ಕರ್ನಾಟಕದಲ್ಲೇ 20,668 ಚದರ ಕಿಲೋಮೀಟರ್ ಪರಿಸರ ಸೂಕ್ಷ್ಮ ಪ್ರದೇಶ ಅಂತ. ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಬೇಡ ಅಂದಿತು. ವರದಿ ಪೂರ್ತಿ ಓದಿದವರು ನಮ್ಮೂರಲ್ಲಿ ಇದ್ದಾರೋ ಇಲ್ಲವೋ, ಉಪಗ್ರಹದ ಚಿತ್ರ ನೋಡಿ ಗೆರೆ ಎಳೆದುಬಿಟ್ಟರು ಅನ್ನುವ ಸಿಟ್ಟು ಮಾತ್ರ ಎಲ್ಲರಿಗೂ ಇದೆ. ಅಂಥ ಊರಲ್ಲಿ ಹೋಗಿ, ರಸ್ತೆ ಚೆನ್ನಾಗಿದೆ, ಹಾಗೇ ಇಟ್ಟುಕೊಳ್ಳೋಣ, ರುಜು ಹಾಕಿ ಅಂದರೆ ಚಹಾ ಕೂಡ ಕೊಡೋದಿಲ್ಲ.

ಬೈಯೋದಾದರೆ ಬರೀ ರೀಲ್ಸ್ ಹುಡುಗರನ್ನು ಬೈಯೋದು ನ್ಯಾಯವೂ ಅಲ್ಲ. ಮೂಡಿಗೆರೆಯಿಂದ ಘಾಟಿಯ ಬಾಯಿಯವರೆಗೆ ಒಮ್ಮೆ ಗಾಡಿ ನಿಧಾನ ಮಾಡಿ ನೋಡಿ. ಪ್ರತಿ ತಿರುವಿನಲ್ಲಿ ಒಂದರ ಮೇಲೊಂದು ಬಾಣದ ಗುರುತಿನ ಬೋರ್ಡು: ಹಿಲ್ ವ್ಯೂ, ಮಿಸ್ಟ್ ವ್ಯಾಲಿ, ಕ್ಯಾಂಪ್ ಫೈರ್, ಮಡ್ ವಾಲಿಬಾಲ್. ನೋಟ ತೋರಿಸುತ್ತೇವೆ ಅನ್ನುವ ಬೋರ್ಡುಗಳಿಂದಲೇ ನೋಟ ಮುಚ್ಚಿದೆ. ಹಾಕಿದವರು ಬೆಂಗಳೂರಿನವರಲ್ಲ, ನಾವೇ. ಕಾಫಿಗೆ ರೇಟಿಲ್ಲದ ವರ್ಷಗಳಲ್ಲಿ ಮಕ್ಕಳ ಫೀಸು ಕಟ್ಟಿದ್ದು ಆ ಬೋರ್ಡುಗಳೇ ಅನ್ನೋದೂ ನಿಜ. ಹಾಗಾಗಿ ಯಾರಿಗೂ ಕಿತ್ತುಹಾಕಿ ಅನ್ನುವ ಬಾಯಿ ನನಗಿಲ್ಲ.

ಮೊನ್ನೆ ಅಣ್ಣ ಅಮ್ಮನ ರಿಪೋರ್ಟು ಕೇಳಲು ಬಂದ. ಸಕ್ಕರೆ ಜಾಸ್ತಿ ಅಂತ ಬಂದಿದೆ. ಅದನ್ನು ಹೇಳಿ, ಅನ್ನ ಕಡಿಮೆ ಮಾಡಿಸು ಅಂತ ಹೇಳಿ, ಆಮೇಲೆ ಗಸಗಸೆ ಹೂವಿನ ಕಥೆಯನ್ನೂ ಹೇಳಿದೆ. ಅವನ ಕಣ್ಣು ಅರಳಿತು.

"ಗೌರ್ಮೆಂಟಿಂದಾನೇ ಬೋರ್ಡಾ? ನಮ್ಮ ಗೇಟಿನ ಹತ್ರಾನೇ ಹಾಕ್ಲಿ. ಬುಕಿಂಗ್‌ಗೆ ಒಳ್ಳೇದು."

"ಹಾಕ್ತಾರೆ. ಆದ್ರೆ ನಿನ್ನ ಕಮಾನು ತೆಗೀಬೇಕಾಗುತ್ತೆ. ಗುಡ್ಡ ಕಡಿದು ಪಾರ್ಕಿಂಗ್ ಮಾಡ್ದೆಯಲ್ಲ, ಅಂಥದ್ದು ಇನ್ನು ಮೇಲೆ ಇಲ್ಲ. ತಿರುವಲ್ಲಿರೋ ಮೂರು ಬೋರ್ಡೂ ಹೋಗುತ್ತೆ."

ಸ್ವಲ್ಪ ಹೊತ್ತು ಯೋಚನೆ ಮಾಡಿದ. ಲೋಟದಲ್ಲಿ ಉಳಿದ ಕಾಫಿ ಕುಡಿದು ಮುಗಿಸಿದ.

"ಹಂಗಾದ್ರೆ ಕೊಟ್ಟಿಗೆಹಾರದಿಂದ ಆಚೆಗೆ ಮಾಡ್ಲಿ ಮಾರಾಯ. ನಮ್ಮ ಕಡೆ ಎಂತಕ್ಕೆ?"