ಹದಿನಾರು ಹೊಲಿಗೆ

ಸೋಮವಾರ ತಮ್ಮನ ಕಣ್ಣಿಗೆ ಹೊಸ ಕಾರ್ನಿಯಾ, ಅಂದರೆ ಕಣ್ಣಿನ ಮುಂದಿರೋ ಪಾರದರ್ಶಕ ಪರದೆ, ಹಾಕಿದರು. ಅದಕ್ಕೂ ಮುಂಚೆ ಒಂದು ತಿಂಗಳು ನಮ್ಮ ಶ್ರೀನಗರದ ಮನೆಯಲ್ಲಿ ಒಂದೇ ಮಾತು, ಕಾರ್ನಿಯಾ ಕತ್ತರಿಸೋಕೆ ಬ್ಲೇಡಾ, ಲೇಸರ್ರಾ? ಭಾವ ಅಂತೂ ಲೇಸರ್ ಬಿಟ್ಟು ಬೇರೇನೂ ಬೇಡ ಅಂತ ಹಠ ಹಿಡಿದಿದ್ದರು. ದುಡ್ಡು ನಾನು ಕೊಡ್ತೀನಿ ಅಂದವರೂ ಅವರೇ, ಅದಕ್ಕೆ ಅವರ ಮೇಲೆ ನನಗೆ ಸಿಟ್ಟಿಲ್ಲ.

ಡಾಕ್ಟರು ಹಾಳೆ ಮೇಲೆ ಚಿತ್ರ ಬರೆದು ತೋರಿಸಿದರು. ಟ್ರೆಫೈನ್ ಅಂದರೆ ಗುಂಡನೆಯ ಬ್ಲೇಡು. ಅದು ಕತ್ತರಿಸಿದ ಅಂಚು ನೇರ. ಫೆಮ್ಟೋಸೆಕೆಂಡ್ ಲೇಸರ್ ಅಂಚನ್ನು ಟೋಪಿ ಥರ, ಅಂಕುಡೊಂಕಾಗಿ, ಹೇಗೆ ಬೇಕೋ ಹಾಗೆ ಕತ್ತರಿಸುತ್ತೆ. ದಾನಿಯ ಕಾರ್ನಿಯಾದ ಅಂಚು, ತಮ್ಮನ ಕಣ್ಣಿನ ಅಂಚು ಒಂದಕ್ಕೊಂದು ಕಚ್ಚಿ ಕೂರುತ್ತವೆ, ಶುರುವಿನಲ್ಲಿ ನೋಟ ಬೇಗ ಸುಧಾರಿಸಬಹುದು. ಆದರೆ ಹೊಲಿಗೆ ಎಲ್ಲ ಬಿಚ್ಚಿದ ಮೇಲೆ ವ್ಯತ್ಯಾಸ ಅಷ್ಟಾಗಿ ಉಳಿಯಲ್ಲ ಅಂದರು. ತಮ್ಮನ ಕಣ್ಣಲ್ಲಿ ಬಿಳಿ ಕಲೆ ದಪ್ಪಗಿದೆ, ಲೇಸರ್ ಅದನ್ನ ಸಲೀಸಾಗಿ ದಾಟಲ್ಲ.

ಅಲ್ಲಿಯವರೆಗೂ ಸುಮ್ನೆ ಕೂತಿದ್ದ ಅಮ್ಮ ಆಗ ಕೇಳಿದರು. 'ಕತ್ತರಿ ಯಾವುದಾದ್ರೂ ಇರಲಿ ಡಾಕ್ಟ್ರೇ, ಹೊಲಿಗೆ ಯಾರು ಹಾಕ್ತಾರೆ?'

ಅಮ್ಮ ಮೂವತ್ತು ವರ್ಷದಿಂದ ಬ್ಲೌಸ್ ಹೊಲಿಯೋರು. ಡಾಕ್ಟರು ಪೆನ್ನು ಕೆಳಗಿಟ್ಟು ಅಂದರು, 'ನಾನೇ ಹಾಕ್ತೀನಿ ಅಮ್ಮ. ಹದಿನಾರು.'

ಈ ಮಾತು ವಾರವಿಡೀ ನನ್ನ ಕಿವಿಯಲ್ಲೇ ಇದೆ. ಆಮೇಲೆ ಅವರಿಬ್ಬರೇ ಮಾತಾಡಿದರು, ನಾವು ಕೇಳಿಸಿಕೊಂಡೆವು. ದಾನಿಯ ಕಾರ್ನಿಯಾದ ಬಿಲ್ಲೆಯನ್ನ ಸಾಮಾನ್ಯವಾಗಿ ಕಣ್ಣಲ್ಲಿ ಕತ್ತರಿಸಿದ ಜಾಗಕ್ಕಿಂತ 0.25 ಮಿಲಿಮೀಟರ್ ದೊಡ್ಡದಾಗಿ ಕತ್ತರಿಸ್ತಾರಂತೆ. 'ಮಾರ್ಜಿನ್ ಬಿಡಬೇಕಲ್ವಾ' ಅಂದರು ಅಮ್ಮ. ದಾರ ಕೂದಲಿಗಿಂತ ತೆಳು, ಒಂದು ಕಡೆ ಜಾಸ್ತಿ ಎಳೆದರೆ ಕಾರ್ನಿಯಾ ಸೊಟ್ಟಗಾಗಿ ನೋಟ ಮಸುಕಾಗುತ್ತೆ ಅಂದಾಗ, ಸುಕ್ಕು ಬೀಳುತ್ತೆ ಅಂತ ಅಮ್ಮನೇ ಮಾತು ಮುಗಿಸಿದರು. ಅರ್ಧ ಮಿಲಿಮೀಟರಿನಷ್ಟು ದಪ್ಪದ ಪರದೆಗೆ ಕೈಯಿಂದ ಹದಿನಾರು ಹೊಲಿಗೆ. ನಾವು ಯಂತ್ರದ ಹೆಸರು ಹಿಡಿದು ಜಗಳ ಆಡಿದ್ದೆವು. ಆ ಕೈಯ ಬಗ್ಗೆ ಒಬ್ಬರೂ ಕೇಳಿರಲಿಲ್ಲ.

ಅಪ್ಪು ಕಣ್ಣು ಕೊಟ್ಟು ಹೋದ 2021ರಲ್ಲೇ ಅಮ್ಮ ನಮ್ಮೆಲ್ಲರ ಹೆಸರನ್ನ ನೇತ್ರದಾನಕ್ಕೆ ಬರೆಸಿದ್ದರು. ಪಡೆಯೋ ಸರದಿ ನಮಗೇ ಮೊದಲು ಬರುತ್ತೆ ಅಂತ ಯಾರಿಗೆ ಗೊತ್ತಿತ್ತು? ಕೊಟ್ಟವರು ಯಾರೋ, ಯಾವ ಮನೆಯವರೋ. ಈಗ ದಿನಾ ದೀಪ ಹಚ್ಚುವಾಗ ಅಮ್ಮ ಅವರನ್ನೂ ನೆನೆಯುತ್ತಾರೆ.

ನಿನ್ನೆ ಡಾಕ್ಟರು ಕಣ್ಣಿನ ಫೋಟೋವನ್ನ ದೊಡ್ಡದು ಮಾಡಿ ಪರದೆಯಲ್ಲಿ ತೋರಿಸಿದರು. ಸುತ್ತಲೂ ಗಡಿಯಾರದ ಗೆರೆಗಳ ಹಾಗೆ ಹೊಲಿಗೆ. ಅಮ್ಮ ಕನ್ನಡಕ ಸರಿಮಾಡಿಕೊಂಡು, ಬೆರಳಿಟ್ಟು ಒಂದೊಂದಾಗಿ ಎಣಿಸಿದರು.

'ಇಲ್ಲಿ ಕೆಳಗಡೆ ಒಂದು ಸ್ವಲ್ಪ ಬಿಗಿ ಆಗಿದೆ ಅಲ್ವಾ?'

'ಹೌದಮ್ಮ. ಕೆಲವು ತಿಂಗಳು ಬಿಟ್ಟು ಅದನ್ನೇ ಮೊದಲು ಬಿಚ್ತೀನಿ.'