ಸೈಲೆನ್ಸರ್‌ನಿಂದ ಹೊರಡುವ ಕಾಣದ ಅನಿಲ

ಕಬ್ಬಿನ ಹಂಗಾಮಿನಲ್ಲಿ ಮುಧೋಳ, ಜಮಖಂಡಿ ಕಡೆ ಫ್ಯಾಕ್ಟರಿ ಮುಂದೆ ಲಾರಿಗಳು ತಾಸುಗಟ್ಟಲೆ ಪಾಳಿ ಹಚ್ಚಿ ನಿಲ್ಲುತ್ತವೆ. ಡೀಸೆಲ್ ಗಾಡಿಯ ಎಮಿಷನ್ ಟೆಸ್ಟ್ ನೋಡುವುದು ಹೊಗೆಯ ದಟ್ಟಣೆಯನ್ನು. ಅದರ ಜೊತೆಗೇ ಹೊರಡುವ ನೈಟ್ರಸ್ ಆಕ್ಸೈಡ್ ಅನಿಲಕ್ಕೆ ಬಣ್ಣವೇ ಇಲ್ಲ, ಅಲ್ಲಿ ಅದು ಸಿಗುವುದಿಲ್ಲ. ಆದರೆ 100 ವರ್ಷದ ಲೆಕ್ಕದಲ್ಲಿ ಅದರ ಒಂದು ಕಿಲೋ, 273 ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು ಭೂಮಿಯನ್ನು ಕಾಯಿಸುತ್ತದೆ.

ಡಿಇಎಫ್ (ಹೊಗೆಗೆ ಸಿಂಪಡಿಸುವ ಯೂರಿಯಾ ದ್ರಾವಣ) ಹಾಕುವ ಬಿಎಸ್-6 ಲಾರಿಯಲ್ಲಿ ಇದು ಎಂಜಿನ್‌ಗಿಂತ ಹೆಚ್ಚಾಗಿ, ಹೊಗೆಯ ನೈಟ್ರೋಜನ್ ಆಕ್ಸೈಡ್‌ಗಳನ್ನು ಸಾರಜನಕವಾಗಿಸುವ ಕ್ಯಾಟಲಿಸ್ಟ್ ಮೇಲೆಯೇ ಹುಟ್ಟುತ್ತದೆ. ಯೂರಿಯಾ ಕಾವಿಗೆ ಒಡೆದು ಅಮೋನಿಯ ಆಗುತ್ತದೆ. ಆ ಕ್ಯಾಟಲಿಸ್ಟ್‌ನಲ್ಲಿ ತಾಮ್ರದ ಜಿಯೋಲೈಟ್ (ತಾಮ್ರ ಸೇರಿಸಿದ, ಸೂಕ್ಷ್ಮ ರಂಧ್ರಗಳ ಖನಿಜ) ಇದ್ದರೆ 200ರಿಂದ 300 ಡಿಗ್ರಿ ಸೆಲ್ಸಿಯಸ್ ನಡುವೆ, ಅದರಲ್ಲೂ ಆ ಆಕ್ಸೈಡ್‌ಗಳಲ್ಲಿ ನೈಟ್ರೋಜನ್ ಡೈಆಕ್ಸೈಡ್ ಅರ್ಧಕ್ಕಿಂತ ಹೆಚ್ಚಿದ್ದಾಗ, ಅಮೋನಿಯಂ ನೈಟ್ರೇಟ್ ಕಟ್ಟಿಕೊಂಡು ಒಡೆದು ಈ ಅನಿಲವಾಗುತ್ತದೆ. ಯೂರಿಯಾ ಹೆಚ್ಚು ಸಿಂಪಡಿಸಿದರೆ ಹೊಗೆ ಹೆಚ್ಚು ಶುದ್ಧವಾದೀತು ಎಂಬುದೂ ತಪ್ಪು: ಉಳಿದ ಅಮೋನಿಯ ಕೊನೆಯಲ್ಲಿರುವ ಪ್ಲಾಟಿನಂ ಪದರದ ಮೇಲೆ ಉರಿಯುವಾಗ ಒಂದಷ್ಟು ಮತ್ತೆ ನೈಟ್ರಸ್ ಆಕ್ಸೈಡೇ ಆಗುತ್ತದೆ.

ಹುಟ್ಟಿದ ಮೇಲೆ ಅದನ್ನು ಒಡೆಯುವುದು ಕಷ್ಟ. ಕಬ್ಬಿಣದ ಜಿಯೋಲೈಟ್‌ಗೆ ಅದು ತನ್ನ ಆಮ್ಲಜನಕ ಬಿಟ್ಟುಕೊಟ್ಟು ಸಾರಜನಕವಾಗಿ ಹೊರಡುತ್ತದೆ. ತಡವಾಗುವುದು ಮುಂದಿನ ಹೆಜ್ಜೆಗೆ: ಕಬ್ಬಿಣಕ್ಕೆ ಅಂಟಿದ ಆಮ್ಲಜನಕದ ಪರಮಾಣುಗಳು ಎರಡೆರಡು ಕೂಡಿ ಎದ್ದು ಜಾಗ ಖಾಲಿ ಮಾಡಬೇಕು. ಅದಕ್ಕೆ 400 ಡಿಗ್ರಿಗೂ ಮೇಲಿನ ಕಾವು ಬೇಕು. ಹೊಗೆಯಲ್ಲಿರುವ ನೀರಾವಿ ಅದೇ ಜಾಗ ಹಿಡಿದು ಇನ್ನಷ್ಟು ತಡೆಯುತ್ತದೆ. ಇದೇ ಅನಿಲ ಹೊರಡುವ ನೈಟ್ರಿಕ್ ಆಮ್ಲದ ಕಾರ್ಖಾನೆಯಲ್ಲಿ ಕಾವು ಒಂದೇ ಹದದಲ್ಲಿ ಇರುವುದರಿಂದ ಕೆಲಸ ಸಾಗುತ್ತದೆ. ಪಾಳಿಯಲ್ಲಿ ಐಡಲ್ ನಿಂತ ಲಾರಿಗೆ ಆ ಕಾವು ಎಲ್ಲಿಂದ ಬರಬೇಕು? ಅದಕ್ಕೇ, ಹುಟ್ಟದಂತೆ ನೋಡಿಕೊಳ್ಳುವುದೇ ಲೇಸು. ಪಾಳಿ ಉದ್ದವಿದ್ದರೆ ಎಂಜಿನ್ ಬಂದ್ ಮಾಡಿ.

ಡಿಇಎಫ್‌ನಲ್ಲಿ ಯೂರಿಯಾ 32.5 ಪ್ರತಿಶತ ಇರಬೇಕು. ರಿಫ್ರಾಕ್ಟೋಮೀಟರ್ (ಬೆಳಕು ಬಾಗುವುದರಿಂದ ದ್ರಾವಣದ ಗಟ್ಟಿತನ ಅಳೆಯುವ ಸಾಧನ) ಮೇಲೆ ಒಂದು ಹನಿ ಇಟ್ಟರೆ ಗೊತ್ತಾಗುತ್ತದೆ. ಹೊಲದ ಯೂರಿಯಾವನ್ನು ಬೋರ್ ನೀರಿನಲ್ಲಿ ಕದಡಿದರೂ ಆ ಅಂಕಿ ಸರಿಯಾಗಿಯೇ ಬಂದೀತು, ಮೋಸ ಹೋಗಬೇಡಿ. ಆ ಯೂರಿಯಾಕ್ಕೆ ಬೇವಿನೆಣ್ಣೆ ಸವರಿರುತ್ತದೆ, ನಮ್ಮ ಗಡಸು ನೀರಿನಲ್ಲಿ ಸುಣ್ಣ ಇರುತ್ತದೆ. ಬೇವಿನೆಣ್ಣೆಯಿಂದ ಡಿಇಎಫ್ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಸುಣ್ಣ ಕ್ಯಾಟಲಿಸ್ಟ್‌ನ ಸೂಕ್ಷ್ಮ ರಂಧ್ರಗಳಲ್ಲಿ ಕೂತರೆ ತೆಗೆಯುವ ಉಪಾಯವಿಲ್ಲ.

ಡಿಇಎಫ್ ಸಿಂಪಡಿಸುವ ನಾಝಲ್ ಬಿಚ್ಚಿದಾಗ ಉಪ್ಪಿನಂಥ ಬಿಳಿ ಹೆಪ್ಪು ಕಂಡರೆ ತಂತಿಯಿಂದ ಕೆರೆಯಬೇಡಿ. ಬೆಚ್ಚಗಿನ ಡಿಸ್ಟಿಲ್ಡ್ ನೀರಿನಲ್ಲಿ ನೆನೆಸಿಡಿ. ಕರಗಿದ್ದು ಯೂರಿಯಾ. ಕರಗದೆ ಕಲ್ಲಿನಂತೆ ಉಳಿದದ್ದು ಹೆಚ್ಚಾಗಿ ಸಯನ್ಯೂರಿಕ್ ಆಮ್ಲ, ಕಾವಿನಲ್ಲಿ ಯೂರಿಯಾದಿಂದಲೇ ಆಗುವಂಥದ್ದು. 350 ಡಿಗ್ರಿ ದಾಟದೆ ಅದು ಬಿಡುವುದಿಲ್ಲ.